ಸಕ್ಕರೆಯ ಸೀಮೆಗೆ ಬೇಕಾದ ಟೇಪು

ಕಾಗವಾಡದಿಂದ ಮಿರಜಕ್ಕೆ, ನಿಪ್ಪಾಣಿಯಿಂದ ಕೊಲ್ಹಾಪುರಕ್ಕೆ ಹೊರಡುವ ಬೆಳಗಿನ ಬಸ್ಸುಗಳಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಆಸ್ಪತ್ರೆಯ ಫೈಲು ಹಿಡಿದು ಕುಳಿತವರು ಸದಾ ಕಾಣಸಿಗುತ್ತಾರೆ. ಚಿಕ್ಕೋಡಿ, ರಾಯಬಾಗ, ಅಥಣಿಯವರಿಗೆ ಬೆಳಗಾವಿಯೂ ಉಂಟು, ಮಿರಜವೂ ಉಂಟು. ಸಕ್ಕರೆ ಕಾಯಿಲೆಗೆ ಒಬ್ಬ ವೈದ್ಯರು, ರಕ್ತದೊತ್ತಡಕ್ಕೆ ಇನ್ನೊಬ್ಬರು, ಎದೆನೋವು ಬಂದಾಗ ಮೂರನೆಯವರು. ‘ಶುಗರ್ ಎಷ್ಟೈತ್ರಿ ಕಾಕಾ?’ ಎಂದು ಪಕ್ಕದವರು ಕೇಳಿದರೆ ಉತ್ತರ ತಟ್ಟನೆ ಬರುತ್ತದೆ. ಸೊಂಟದ ಸುತ್ತಳತೆ ಎಷ್ಟೆಂದು ಕೇಳುವವರೇ ಇಲ್ಲ.

ಬಿಡಿಬಿಡಿಯಾಗಿ ತೋರುವ ಈ ಕಾಯಿಲೆಗಳ ಬೇರು ಒಂದೇ, ದೇಹವು ಇನ್ಸುಲಿನ್‌ಗೆ ಮಣಿಯದಿರುವುದೇ ಆ ಬೇರು ಎಂದು ಅಮೆರಿಕದ ವೈದ್ಯ ಜೆರಾಲ್ಡ್ ರೀವನ್ 1988ರಲ್ಲಿ ವಾದಿಸಿದರು. ಇಂದು ಇದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಎಂಬ ಹೆಸರಿದೆ. ಭಾರತೀಯ ಪುರುಷರಲ್ಲಿ 90, ಮಹಿಳೆಯರಲ್ಲಿ 80 ಸೆಂ.ಮೀ. ಮುಟ್ಟಿದ ಸೊಂಟ, 130/85 ತಲುಪಿದ ರಕ್ತದೊತ್ತಡ, 150 ಮುಟ್ಟಿದ ಟ್ರೈಗ್ಲಿಸರೈಡ್, ತಗ್ಗಿದ ಒಳ್ಳೆಯ ಕೊಲೆಸ್ಟರಾಲ್, ಏರಿದ ಸಕ್ಕರೆ: ಈ ಐದರಲ್ಲಿ ಮೂರಿದ್ದರೆ ಸಾಕು. ಮಧುಮೇಹಿಯ ಲೆಕ್ಕದಲ್ಲಿ ಒಂದು ಮೊದಲೇ ಜಮೆಯಾಗಿರುತ್ತದೆ.

‘ನಾನು ದಪ್ಪಗಿಲ್ಲವಲ್ಲ’ ಎಂಬ ಸಮಾಧಾನವೂ ನಿಲ್ಲುವಂಥದ್ದಲ್ಲ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಚಿತ್ರವನ್ನು ಪ್ರಕಟಿಸಿದ್ದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ಆದರೆ ದೇಹದ ಕೊಬ್ಬು ಯುಡ್ಕಿನ್‌ರಲ್ಲಿ ಶೇ 9.1, ಯಾಜ್ಞಿಕರಲ್ಲಿ ಶೇ 21.2. ತೂಕದ ಯಂತ್ರ ಮುಚ್ಚಿಡುವುದನ್ನು ಸಿಂಪಿಗರ ಟೇಪು ಬಯಲು ಮಾಡಬಲ್ಲದು.

ಹಳ್ಳಿಗಾಡು ಇದರಿಂದ ಪಾರಾಗಿದೆ ಎಂಬ ನಂಬಿಕೆಯೂ ಹಳತಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ, 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ಶೇ 11.4 ಮಂದಿ ಮಧುಮೇಹಿಗಳು. ಹೊಟ್ಟೆಯ ಬೊಜ್ಜು ಇರುವವರು ಶೇ 39.5. ಕೃಷ್ಣಾ, ದೂಧಗಂಗಾ ನದಿಗಳ ನೀರಿನಿಂದ ಕಬ್ಬು ಬೆಳೆದು ನಾಲ್ಕು ಕಾಸು ಕಂಡ ಈ ಸೀಮೆಯಲ್ಲಿ ಹೊಲದ ಬದುವಿನವರೆಗೂ ಮೋಟಾರ್ ಸೈಕಲ್ ಹೋಗುತ್ತದೆ. ಕಬ್ಬು ಕಡಿಯುವುದು ಹೊರಗಿನಿಂದ ಬಂದ ಗ್ಯಾಂಗಿನ ಕೆಲಸ. ನಿಪ್ಪಾಣಿಯ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ ದುಡಿಮೆ ಬೇಕಾದಷ್ಟಿದೆ, ಆದರೆ ಅದು ಗಂಟೆಗಟ್ಟಲೆ ಕುಳಿತಲ್ಲೇ ಸಾಗುವ ದುಡಿಮೆ. ‘ಕಷ್ಟಪಟ್ಟು ದುಡಿಯುವವರಿಗೆ ವ್ಯಾಯಾಮವೇಕೆ?’ ಎಂಬ ಪ್ರಶ್ನೆಗೆ ಉತ್ತರ ಅಲ್ಲಿದೆ. ಇನ್ನು ಸಕ್ಕರೆ ಬಿಟ್ಟು ಬೆಲ್ಲದ ಚಹಾಕ್ಕೆ ತಿರುಗಿದ ಮಧುಮೇಹಿಗಳು ತಮ್ಮನ್ನು ತಾವೇ ವಂಚಿಸಿಕೊಳ್ಳುತ್ತಿದ್ದಾರೆ. ಬೆಲ್ಲದ ಬಹುಪಾಲು ಅದೇ ಸಕ್ಕರೆ.

ಎಲ್ಲವನ್ನೂ ಒಟ್ಟಿಗೆ ಹಿಡಿದರೆ ಏನಾಗುತ್ತದೆ ಎಂಬುದನ್ನು ಡೆನ್ಮಾರ್ಕಿನ ಸ್ಟೆನೊ ಕೇಂದ್ರ 160 ಮಧುಮೇಹಿಗಳಲ್ಲಿ ಪರೀಕ್ಷಿಸಿತು. ಅರ್ಧದಷ್ಟು ಜನರಿಗೆ ವಾಡಿಕೆಯ ಚಿಕಿತ್ಸೆ. ಉಳಿದವರಿಗೆ ಸಕ್ಕರೆ, ರಕ್ತದೊತ್ತಡ, ಕೊಬ್ಬು, ಆಹಾರ, ನಡಿಗೆ, ಧೂಮಪಾನ ಎಲ್ಲದರ ಮೇಲೂ ಏಕಕಾಲಕ್ಕೆ ಕಡಿವಾಣ. ಸುಮಾರು ಎಂಟು ವರ್ಷಗಳಲ್ಲಿ ಎರಡನೆಯ ಗುಂಪಿನವರ ಹೃದಯ ಮತ್ತು ರಕ್ತನಾಳಗಳ ಅಪಾಯ ಅರ್ಧದಷ್ಟು ಇಳಿದಿತ್ತು. 2016ರಲ್ಲಿ ಪ್ರಕಟವಾದ ಮುಂದಿನ ವರದಿಯಂತೆ ಅವರ ಆಯುಷ್ಯ ಸುಮಾರು ಎಂಟು ವರ್ಷ ಹೆಚ್ಚಿತ್ತು. ಬಳಸಿದ್ದು ಬಹುಪಾಲು ಇಂದು ಜನೌಷಧಿ ಅಂಗಡಿಯಲ್ಲೂ ಸಿಗುವ ಬಗೆಯ ಮಾತ್ರೆಗಳನ್ನೇ.

ಆದ್ದರಿಂದ ನಮ್ಮಲ್ಲಿ ಕೊರತೆಯಿರುವುದು ಔಷಧಿಗಿಂತ ಹೆಚ್ಚಾಗಿ ಒಟ್ಟು ನೋಟಕ್ಕೆ. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲೇ ಆರಂಭವಾಗಿದೆ. ಅದರಡಿ ತಪಾಸಣೆಗೆ ಬರುವ ಪ್ರತಿ ಮಧುಮೇಹಿಯ ಸೊಂಟ, ರಕ್ತದೊತ್ತಡಗಳನ್ನು ಪ್ರತಿ ಭೇಟಿಯಲ್ಲೂ, ರಕ್ತದ ಕೊಬ್ಬು ಮತ್ತು ಮೂತ್ರದ ಪ್ರೋಟೀನನ್ನು ವರ್ಷಕ್ಕೊಮ್ಮೆಯಾದರೂ ನೋಡಬೇಕು. 40 ದಾಟಿದವರು ಸ್ಟ್ಯಾಟಿನ್ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಲೇಬೇಕು. ಬಿ.ಪಿ. ಸರಿಹೋಯಿತೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು, ಸರಿಹೋದದ್ದು ಮಾತ್ರೆಯಿಂದಲೇ.

ಇವೆಲ್ಲ ಒಂದೇ ಕಿರುಪುಸ್ತಕದಲ್ಲಿ ದಾಖಲಾಗಿ, ರೋಗಿ ಮಿರಜಕ್ಕೆ ಹೋಗಲಿ ಬೆಳಗಾವಿಗೆ ಹೋಗಲಿ, ಅವನ ಚೀಲದಲ್ಲೇ ಇರಬೇಕು. ಸೂಚನೆಗಳು ಕನ್ನಡದ ಜೊತೆಗೆ ಮರಾಠಿಯಲ್ಲೂ ಇರಲಿ. ನಿಪ್ಪಾಣಿಯ ಎಷ್ಟೋ ಮನೆಗಳಲ್ಲಿ ಓದುವ ಭಾಷೆ ಅದೇ.