ಬಳ್ಳಿಗೆ ಬೆಳಕಿನ ಹದ

ಹೊಸಹಳ್ಳಿ, ಕೂಡ್ಲಿಗಿ, ಕೊಟ್ಟೂರು ಕಡೆಯ ಮನೆಗಳಲ್ಲಿ ಹೊರಗೆ ಬಿಸಿಲು ಉರಿಯುತ್ತಿದ್ದರೂ ಒಳಗೆ ಕತ್ತಲೆಯಿರುವುದುಂಟು. ಆದುದರಿಂದ ಕುಂಡದ ಮನಿಪ್ಲಾಂಟ್ ಬಳ್ಳಿಯು ಮೂಲೆಯಲ್ಲಿಟ್ಟರೆ ಸೊರಗುವುದು, ಅಂಗಳದಲ್ಲಿಟ್ಟರೆ ಸುಡುವುದು.

ಇದರ ತವರು ಶಾಂತಸಾಗರದ ಮೊರೆಯಾ ದ್ವೀಪ. ಮರವನ್ನು ಹಬ್ಬಿ, ಎಲೆಗಳ ಸಂದಿನಿಂದ ಸೋಸಿಬಂದ ಬೆಳಕಿನಲ್ಲಿ ಬೆಳೆಯುವುದು ಇದರ ಸ್ವಭಾವ. ವೀಳ್ಯದ ಬಳ್ಳಿಯನ್ನು ಚೊಗಚೆ, ನುಗ್ಗೆಗಳ ತೆಳುನೆರಳಿನಲ್ಲಿ ಬೆಳೆಸುವ ನಮ್ಮ ಎಲೆತೋಟದ ರೈತರಿಗೆ ಈ ಮರ್ಮವು ಹೊಸದಲ್ಲ.

ಬೆಳಕು ಸಾಲದಿದ್ದರೆ ಗೆಣ್ಣುಗಳು ದೂರವಾಗಿ, ಎಲೆಗಳು ಕಿರಿದಾಗಿ, ಹಳದಿಯ ಚಿತ್ತಾರವು ಮಾಸುವುದು. ಬಿಸಿಲು ಮೀರಿದರೆ ಎಲೆ ಬಿಳಚಿ ಕಂದುಗಲೆಗಳು ಮೂಡುವುವು. ಪರೀಕ್ಷೆ ಸುಲಭ: ನಡುಹಗಲಿನಲ್ಲಿ ಎಲೆಯ ಮೇಲೆ ಗೇಣೆತ್ತರದಲ್ಲಿ ಅಂಗೈ ಹಿಡಿಯಿರಿ. ನೆರಳು ಮಸುಕಾಗಿ ಬಿದ್ದರೆ ಹದ. ಅಂಚು ಕತ್ತರಿಸಿದಂತಿದ್ದರೆ ಬಿಸಿಲು ಹೆಚ್ಚು. ನೆರಳೇ ಬೀಳದಿದ್ದರೆ ಬೆಳಕು ಸಾಲದು.

ಮೂಡಣ ಕಿಟಕಿಯ ಎಳೆಬಿಸಿಲು ಒಳ್ಳೆಯದು. ತೆಂಕಣ ಕಿಟಕಿಯಾದರೆ ಋತುವನ್ನು ನೋಡಬೇಕು. ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದ ಈ ಸೀಮೆಯಲ್ಲಿ ಮೇ ಮೊದಲಿನಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯನು ಉತ್ತರಕ್ಕೆ ವಾಲಿರುವನು. ಡಿಸೆಂಬರಿನಲ್ಲಾದರೋ ಬಿಸಿಲು ತೆಂಕಣ ಕಿಟಕಿಯೊಳಕ್ಕೇ ನುಗ್ಗುವುದು. ಆಗ ಕುಂಡವನ್ನು ಹಿಂದಕ್ಕೆ ಸರಿಸತಕ್ಕದ್ದು.

ಕತ್ತಲೆಯಲ್ಲಿ ಸೊರಗಿದ ಬಳ್ಳಿಯನ್ನು ಕನಿಕರದಿಂದ ಒಮ್ಮೆಗೇ ಬಿಸಿಲಿಗಿಟ್ಟರೆ ಇದ್ದ ಎಲೆಗಳೂ ಸುಟ್ಟುಹೋಗುವುವು. ದಿನಕ್ಕಿಷ್ಟಿಷ್ಟೇ ಬೆಳಕಿನತ್ತ ತರಬೇಕು. ಇದರ ಎಲೆಯನ್ನು ಅಗಿದರೆ ಬಾಯಿ ಉರಿಯುವುದರಿಂದ, ಕುಂಡವು ಎಲ್ಲಿದ್ದರೂ ಮಕ್ಕಳ ಕೈಗೆಟುಕದಂತಿರಲಿ.