‘ಪಿಎಚ್‌.ಡಿ ಇನ್ನೂ ಮುಗಿಲಿಲ್ವಾ?’ ಅಂತ ಕೇಳೋ ಮುಂಚೆ: ಪದವಿ ಹೇಗೆ ಸಿಗುತ್ತೆ, ಆಮೇಲೆ ಸಂಶೋಧನೆ ಏನಾಗುತ್ತೆ?

ಶಿಕಾರಿಪುರ: ‘ಇವರು ಮಂಡಿಸಿದ ಮಹಾಪ್ರಬಂಧಕ್ಕೆ ವಿಶ್ವವಿದ್ಯಾಲಯ ಪಿಎಚ್‌.ಡಿ ಪದವಿ ನೀಡಿದೆ.’ ಒಂದು ಫೋಟೊ, ನಾಲ್ಕು ಸಾಲು, ಕೊನೆಗೆ ಮಾರ್ಗದರ್ಶಕರ ಹೆಸರು. ಇಂಥ ಸುದ್ದಿ ವಾಟ್ಸ್ಯಾಪ್‌ಗೆ ಆಗಾಗ ಬರ್ತಾನೇ ಇರುತ್ತೆ, ನಾವೂ ಹಾಕ್ತೀವಿ. ಎರಡು ದಿನಕ್ಕೆ ಸರ್ಕಲ್‌ನಲ್ಲಿ ಫ್ಲೆಕ್ಸ್ ಬೀಳುತ್ತೆ. ಆ ನಾಲ್ಕು ಸಾಲಿನ ಹಿಂದೆ ಎಷ್ಟು ವರ್ಷ ಹೋಗಿರುತ್ತೆ, ಫ್ಲೆಕ್ಸ್ ಇಳಿಸಿದ ಮೇಲೆ ಆ ಸಂಶೋಧನೆ ಏನಾಗುತ್ತೆ ಅನ್ನೋದನ್ನ ಮಾತ್ರ ಯಾರೂ ಬರೆಯಲ್ಲ.

(ಸಮಾಜಸೇವೆಗೆ ಅಂತ ಕೊಡೋ ಗೌರವ ಡಾಕ್ಟರೇಟ್ ಬೇರೆ. ಅದಕ್ಕೆ ಪ್ರಬಂಧ ಬರೆಯಬೇಕಾಗಿಲ್ಲ. ಫ್ಲೆಕ್ಸ್‌ನಲ್ಲಿ ಮಾತ್ರ ಎರಡೂ ಒಂದೇ ಥರ ಕಾಣ್ತವೆ.)

ಯುಜಿಸಿಯ 2022ರ ನಿಯಮದ ಪ್ರಕಾರ ಪಿಎಚ್‌.ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿಕೊಂಡರೆ ಇನ್ನೂ 2 ವರ್ಷ ಸಿಗುತ್ತೆ. ಮಹಿಳೆಯರಿಗೆ ಮತ್ತು ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರೋರಿಗೆ ಒಟ್ಟು 10 ವರ್ಷದವರೆಗೂ ಅವಕಾಶ ಇದೆ. ಹಾಗಾಗಿ ಮದುವೆ ಮನೆಯಲ್ಲಿ ‘ಐದು ವರ್ಷ ಆಯ್ತಲ್ಲಮ್ಮಾ, ಇನ್ನೂ ಓದ್ತಾ ಇದೀಯಾ?’ ಅಂತ ಕೇಳೋರಿಗೆ ಉತ್ತರ ಇಷ್ಟೇ: ಐದು ವರ್ಷ ಅಂದ್ರೆ ಲೇಟ್ ಅಲ್ಲ.

ಮೊದಲು ಕೋರ್ಸ್‌ವರ್ಕ್ ಪಾಸಾಗಬೇಕು. ಪ್ರತಿ ಸೆಮಿಸ್ಟರ್ ಸಲಹಾ ಸಮಿತಿ ಮುಂದೆ ನಿಂತು ಎಷ್ಟು ಕೆಲಸ ಆಗಿದೆ ಅಂತ ಒಪ್ಪಿಸಬೇಕು. ಬರೆದಿದ್ದು ಮುಗಿದ ಮೇಲೆ ಸಾಫ್ಟ್‌ವೇರ್‌ನಲ್ಲಿ ನಕಲು ತಪಾಸಣೆ. ಬೇರೆಯವರ ಬರಹದ ಹೋಲಿಕೆ ಶೇ 10ರ ಒಳಗಿದ್ದರೆ ದಂಡನೆ ಇಲ್ಲ, ಶೇ 60 ದಾಟಿದರೆ ನೋಂದಣಿಯೇ ರದ್ದು. ಆಮೇಲೆ ಪ್ರಬಂಧ ಹೊರಗಿನ ಕನಿಷ್ಠ ಇಬ್ಬರು ಪರೀಕ್ಷಕರಿಗೆ ಹೋಗುತ್ತೆ. ಅವರ ವರದಿ ಬಂದ ಮೇಲೆ ವೈವಾ, ಅಂದರೆ ಎದುರು ಕೂತು ಕೇಳೋ ಪ್ರಶ್ನೆಗೆ ಉತ್ತರ ಕೊಡೋದು. ಪ್ರಬಂಧ ಕೊಟ್ಟ ದಿನದಿಂದ 6 ತಿಂಗಳಲ್ಲಿ ಇದೆಲ್ಲ ಮುಗೀಬೇಕು ಅಂತ ನಿಯಮ ಇದೆ. ಆದರೆ ವರದಿ ಬರೋದು ತಡವಾದರೆ ಅಭ್ಯರ್ಥಿ ಫೋನ್ ಮಾಡ್ತಾ ಕಾಯೋದು ಬಿಟ್ಟು ಬೇರೇನೂ ಮಾಡೋಕಾಗಲ್ಲ. ಕೊಟ್ಟಾಯಿತು, ಆದರೆ ಮುಗಿದಿಲ್ಲ. ‘ಮುಗೀತಾ?’ ಅಂತ ಕೇಳಿದಾಗ ಅವರು ಮುಖ ಸಪ್ಪೆ ಮಾಡೋದು ಈ ಹಂತದಲ್ಲೇ.

ದುಡ್ಡಿನ ವಿಷಯಕ್ಕೆ ಬರೋಣ. ಜೆಆರ್‌ಎಫ್ ಪಾಸಾದವರಿಗೆ ಮೊದಲ ಎರಡು ವರ್ಷ ತಿಂಗಳಿಗೆ 37 ಸಾವಿರ, ಆಮೇಲೆ 42 ಸಾವಿರ ರೂಪಾಯಿ. ಇದು 2023ರ ಜನವರಿಯಿಂದ ಜಾರಿಯಾದ ದರ. ಒಟ್ಟು 5 ವರ್ಷ ಮಾತ್ರ ಸಿಗುತ್ತೆ. ಅದಿಲ್ಲದವರು ಎಲ್ಲೋ ಪಾಠ ಮಾಡ್ಕೊಂಡು, ಮನೆಯವರ ಕೈ ನೋಡ್ಕೊಂಡು ಬರೀತಾರೆ.

ಇನ್ನು ಪದವಿ ಬಂದ ಮೇಲಿನ ಕಥೆ. ಪ್ರಬಂಧಕ್ಕೆ ಕೊನೆಯ ಪುಟ ಇರುತ್ತೆ, ವಿಷಯಕ್ಕೆ ಇರಲ್ಲ. ಇದಕ್ಕೆ ನಮ್ಮ ತಾಲೂಕೇ ಸಾಕ್ಷಿ. ಸಂಶೋಧಕ ಎಂ. ಚಿದಾನಂದಮೂರ್ತಿ 1960ರ ದಶಕದಲ್ಲಿ ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನಕ್ಕೆ ಡಾಕ್ಟರೇಟ್ ಪಡೆದರು. ಅವರು ತಗೊಂಡ ಕಾಲ ಕ್ರಿ.ಶ. 450ರಿಂದ 1150. ಯಾಕೆ 450? ಆಗ ಗೊತ್ತಿದ್ದ ಅತಿ ಹಳೆಯ ಕನ್ನಡ ಶಾಸನ ಹಲ್ಮಿಡಿಯದ್ದು, ಅದರ ಕಾಲ ಸುಮಾರು 450. ಆಮೇಲೆ, 2013ರ ಆಸುಪಾಸಿನಲ್ಲಿ ಇಲ್ಲೇ ಶಿರಾಳಕೊಪ್ಪದ ಹತ್ತಿರದ ತಾಳಗುಂದದಲ್ಲಿ, ಪ್ರಣವೇಶ್ವರ ದೇವಸ್ಥಾನದ ಬಳಿ ಪುರಾತತ್ವ ಇಲಾಖೆಗೆ ಸಿಂಹ ಕಟಾಂಜನ ಶಾಸನ ಸಿಕ್ಕಿತು. ಇಲಾಖೆ ಕೊಟ್ಟ ಕಾಲ ಕ್ರಿ.ಶ. 370. ಒಂದು ಕಲ್ಲು ಎಂಬತ್ತು ವರ್ಷ ಹಿಂದಕ್ಕೆ ಎಳೀತು. ಇವತ್ತು ಅದೇ ವಿಷಯ ಹಿಡಿಯೋ ಹುಡುಗ ಅಥವಾ ಹುಡುಗಿ 450ರಿಂದ ಶುರು ಮಾಡೋ ಹಾಗಿಲ್ಲ.

ಚಿದಾನಂದಮೂರ್ತಿ ಪದವಿ ಸಿಕ್ತು ಅಂತ ನಿಲ್ಲಿಸಲಿಲ್ಲ, ಕೊನೆಯವರೆಗೂ ಬರೆದರು. ಎರಡು ಡಾಕ್ಟರೇಟ್ ಇದ್ದ ಷ. ಶೆಟ್ಟರ್ ಅವರ ‘ಶಂಗಂ ತಮಿಳಗಂ’ ಬಂದಿದ್ದು 2007ರಲ್ಲಿ, ಅವರ ಎಪ್ಪತ್ತರ ವಯಸ್ಸಿನ ನಂತರ. ಆದರೆ ಒಂದು ಮಾತು. ಇಬ್ಬರಿಗೂ ವಿಶ್ವವಿದ್ಯಾಲಯದಲ್ಲಿ ಕೆಲಸ ಇತ್ತು, ಸಂಬಳ ಇತ್ತು, ಲೈಬ್ರರಿ ಇತ್ತು.

ಈಗಿನವರ ಪರಿಸ್ಥಿತಿ ಹಾಗಿಲ್ಲ. 2023ರ ಜುಲೈಯಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್‌.ಡಿ ಕಡ್ಡಾಯ ಅಲ್ಲ. ನೆಟ್ ಅಥವಾ ಕೆ-ಸೆಟ್ ಆಗಿದ್ದರೆ ಅರ್ಜಿ ಹಾಕಬಹುದು. ಹುದ್ದೆ ಕರೆಯೋದು ಅಪರೂಪ. ಅಲ್ಲಿವರೆಗೆ ಹೆಸರಿನ ಮುಂದೆ ‘ಡಾ.’ ಇಟ್ಕೊಂಡು ಅತಿಥಿ ಉಪನ್ಯಾಸಕರಾಗಿ ಇರಬೇಕು. ಇನ್ನೊಂದು ತೊಡಕು ಹೊರಗಿನವರಿಗೆ ಗೊತ್ತಾಗಲ್ಲ: ಕಾಯಂ ಅಧ್ಯಾಪಕರು ಮಾತ್ರ ಪಿಎಚ್‌.ಡಿಗೆ ಗೈಡ್ ಆಗಬಹುದು. ಅತಿಥಿ ಉಪನ್ಯಾಸಕರು ಎಷ್ಟೇ ಓದಿರಲಿ, ತಮ್ಮ ವಿಷಯವನ್ನ ಮುಂದಿನವರ ಕೈಗೆ ದಾಟಿಸೋಕೆ ದಾರಿ ಇಲ್ಲ. ಸಂಶೋಧನೆ ನಿಂತು ಹೋಗೋದು ಸೋಮಾರಿತನದಿಂದ ಅಂತ ಹೇಳೋರಿಗೆ ಇದನ್ನ ತೋರಿಸಬೇಕು. ಡಿಗ್ರಿ ಅರ್ಧಕ್ಕೆ ಬಿಟ್ಟ ನನಗೇ ಇದು ಅನ್ಯಾಯ ಅನ್ಸುತ್ತೆ.

ದಾರಿ ಪೂರ್ತಿ ಮುಚ್ಚಿಲ್ಲ. ಸಮಾಜ ವಿಜ್ಞಾನದವರಿಗೆ ಐಸಿಎಸ್‌ಎಸ್‌ಆರ್ ಡಾಕ್ಟರೇಟ್ ನಂತರದ ಫೆಲೋಶಿಪ್ ಕೊಡುತ್ತೆ. ವಿಜ್ಞಾನದವರಿಗೂ ಬೇರೆ ಯೋಜನೆಗಳಿವೆ. ದುಡ್ಡಿಲ್ಲದೆ ಮಾಡಬಹುದಾದ ಕೆಲಸವೂ ಉಂಟು: ಪ್ರಬಂಧವನ್ನ ಪುಸ್ತಕ ಮಾಡೋದು, ಒಂದೊಂದು ಅಧ್ಯಾಯವನ್ನ ಲೇಖನ ಮಾಡೋದು, ಭಾನುವಾರ ಬೈಕ್ ಹತ್ತಿ ಊರೂರಿನ ಕಲ್ಲು ಓದೋದು.

ಅಂಗಡಿಯವರಿಗೆ ಇದರಲ್ಲಿ ಏನು ಕೆಲಸ ಅಂತೀರಾ? ಮಾರುಕಟ್ಟೆ, ಜಿಎಸ್‌ಟಿ, ಮಹಿಳಾ ಸಂಘದ ಸಾಲ ಅಂತ ಪ್ರಶ್ನೆ ಪಟ್ಟಿ ಹಿಡ್ಕೊಂಡು ಯಾರಾದರೂ ನಿಮ್ಮ ಗಲ್ಲಾಪೆಟ್ಟಿಗೆ ಮುಂದೆ ನಿಂತಿರಬಹುದು. ವ್ಯಾಪಾರದ ಹೊತ್ತಲ್ಲಿ ಗೊಣಗಿಕೊಂಡೇ ಉತ್ತರ ಕೊಟ್ಟಿರ್ತೀರಿ. ಆಮೇಲೆ ಅವರು ತಿರುಗಿ ಬಂದು ‘ನಮಗೆ ಗೊತ್ತಾಗಿದ್ದು ಇದು’ ಅಂತ ಹೇಳಿದ್ದು ನಾನಂತೂ ಕೇಳಿಲ್ಲ. ಹೇಳಬೇಕು ಅನ್ನೋದು ನನ್ನ ಅಭಿಪ್ರಾಯ.

ಬರದಿದ್ದರೂ ನೀವೇ ನೋಡಬಹುದು. ಪದವಿ ಕೊಡೋ ಮುಂಚೆ ಪ್ರಬಂಧದ ಪ್ರತಿಯನ್ನ ವಿಶ್ವವಿದ್ಯಾಲಯ ‘ಶೋಧಗಂಗಾ’ ಜಾಲತಾಣ ನಡೆಸೋ ಇನ್‌ಫ್ಲಿಬ್‌ನೆಟ್‌ಗೆ ಕಳಿಸಬೇಕು ಅಂತ ನಿಯಮ. ಓದೋಕೆ ದುಡ್ಡು ಕೊಡಬೇಕಾಗಿಲ್ಲ. ಊರಿನ ಹೆಸರು, ವಿಷಯ ಅಥವಾ ಬರೆದವರ ಹೆಸರು ಹಾಕಿ ಹುಡುಕಿ. ಒಂದೊಂದು ಅಧ್ಯಾಯ ಒಂದೊಂದು ಪಿಡಿಎಫ್ ಆಗಿರುತ್ತೆ, ಕನ್ನಡ ವಿಭಾಗದವು ಕನ್ನಡದಲ್ಲೇ ಇರ್ತವೆ. ಸಮೀಕ್ಷೆ ಮಾಡಿದ್ದರೆ ಕೊನೆಯ ಅನುಬಂಧ ತೆಗೆದು ನೋಡಿ, ನೀವು ಅಂಗಡಿಯಲ್ಲಿ ತುಂಬಿಕೊಟ್ಟ ಫಾರಂನ ಖಾಲಿ ನಮೂನೆ ಸಾಮಾನ್ಯವಾಗಿ ಅಲ್ಲಿರುತ್ತೆ.