ಸೆಲ್ಫ್ ಒಲ್ಲೆ ಎಂದರೂ ಕಿಕ್ ಒಪ್ಪುವುದೇಕೆ?

ಬೆಳಿಗ್ಗೆ ಬೈಕಿನ ಸೆಲ್ಫ್ ಒತ್ತಿದರೆ ಬರೀ ಟಕ್ ಟಕ್ ಸದ್ದು. ಇಂಡಿಕೇಟರ್ ಉರಿಯುತ್ತದೆ, ಕಿಕ್ ಹೊಡೆದರೆ ಸ್ಟಾರ್ಟೂ ಆಗುತ್ತದೆ. ಏಕೆ?

ಬ್ಯಾಟರಿ ಸತ್ತಿಲ್ಲ, ಸೊರಗಿದೆ. ಇಂಡಿಕೇಟರಿಗೆ ಒಂದೆರಡು ಆಂಪಿಯರ್ ಸಾಕು. ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರು ಒಮ್ಮೆಲೇ ಹತ್ತಾರು ಆಂಪಿಯರ್ ಎಳೆಯುತ್ತದೆ. ತಳ ಕಂಡ ಓವರ್‌ಹೆಡ್ ಟ್ಯಾಂಕಿನಿಂದ ಲೋಟ ತುಂಬೀತು, ಶವರ್ ಬಂದೀತೇ? ಗುಂಡಿ ಒತ್ತಿದೊಡನೆ ಮೋಟಾರಿಗೆ ಕರೆಂಟು ಹಾಯಿಸುವ ಸ್ವಿಚ್ಚು, ಅಂದರೆ ರಿಲೇ, ಅಂಟುತ್ತದೆ, ವೋಲ್ಟೇಜ್ ಕುಸಿಯುತ್ತದೆ, ರಿಲೇ ಬಿಟ್ಟುಕೊಳ್ಳುತ್ತದೆ. ವೋಲ್ಟೇಜ್ ಚೇತರಿಸಿಕೊಂಡರೆ ಮತ್ತೆ ಅಂಟುತ್ತದೆ. ನೀವು ಕೇಳಿದ ಸದ್ದು ಅದೇ. ಕಿಕ್ಕಿನಲ್ಲಿ ಆ ಭಾರೀ ಕೆಲಸ ನಿಮ್ಮ ಕಾಲಿನದು, ಕಿಡಿಗೆ ಬೇಕಾದ ವಿದ್ಯುತ್ತು ಅತ್ಯಲ್ಪ.

ಹೊಸ ಬ್ಯಾಟರಿಗೆ ದುಡ್ಡು ಸುರಿಯುವ ಮುನ್ನ ಟರ್ಮಿನಲ್ ನೋಡಿ. ಅಲ್ಲಿ ಬಿಳಿ-ಹಸಿರು ಪುಡಿ ಕೂತಿದ್ದರೂ ಇದೇ ತಕರಾರು. ಫ್ಯೂಯೆಲ್ ಇಂಜೆಕ್ಷನ್ ಗಾಡಿಯಲ್ಲಿ ಪೆಟ್ರೋಲ್ ಪಂಪಿಗೂ ಕರೆಂಟು ಬೇಕು. ಹಾಗಾಗಿ ಅದರಲ್ಲಿ ಬ್ಯಾಟರಿ ಪೂರ್ತಿ ಬರಿದಾದರೆ ಸಾಮಾನ್ಯವಾಗಿ ಕಿಕ್ಕೂ ಕೈಕೊಡುತ್ತದೆ.